ಟಿಡಿಪಿ-43: ಹಾನಿ ಗಂಟಿನಿಂದಲೋ, ಕೊರತೆಯಿಂದಲೋ?

ಪ್ರಶ್ನೆ:
ಸಾಮಾನ್ಯವಾಗಿ ಕೋಶಕೇಂದ್ರದಲ್ಲಿರುವ ಟಿಡಿಪಿ-43 ಎಂಬ ಆರ್‌ಎನ್‌ಎ-ಬಂಧಕ ಪ್ರೋಟೀನ್, ಸ್ನಾಯುಗಳನ್ನು ನಿಯಂತ್ರಿಸುವ ನರಕೋಶಗಳು ಸಾಯುವ ಎಎಲ್‌ಎಸ್ ರೋಗದ ಬಹುಪಾಲು ಪ್ರಕರಣಗಳಲ್ಲಿ ನರಕೋಶದ ಕೋಶದ್ರವ್ಯದಲ್ಲಿ ಗಂಟುಗಟ್ಟಿರುತ್ತದೆ ಎಂಬುದು 2006ರಿಂದ ತಿಳಿದಿದೆ. ನರಕೋಶ ಸಾಯುವುದು ಈ ಗಂಟುಗಳ ವಿಷತ್ವದಿಂದಲೋ, ಕೇಂದ್ರದಲ್ಲಿ ಪ್ರೋಟೀನಿನ ಕೆಲಸ ನಿಂತುಹೋಗುವುದರಿಂದಲೋ?

ಉತ್ತರ 1:
ಎರಡೂ ಸೇರಿರಬಹುದು, ಆದರೆ ಕೊರತೆಯ ಪರವಾದ ಸಾಕ್ಷ್ಯವೇ ಹೆಚ್ಚು ಸ್ಪಷ್ಟವಾಗಿದೆ ಎಂಬುದು ನನ್ನ ಅಭಿಪ್ರಾಯ. ಟಿಡಿಪಿ-43 ಯು-ಜಿ ಅಕ್ಷರಗಳು ಮರುಕಳಿಸುವ ಆರ್‌ಎನ್‌ಎ ಭಾಗಗಳಿಗೆ ಅಂಟಿಕೊಂಡು, ಅಂತಿಮ ಸಂದೇಶದಲ್ಲಿ ಸೇರಬಾರದ ತುಣುಕುಗಳು ಆರ್‌ಎನ್‌ಎಯನ್ನು ಕತ್ತರಿಸಿ ಜೋಡಿಸುವ ಸ್ಪ್ಲೈಸಿಂಗ್ ವ್ಯವಸ್ಥೆಯ ಕಣ್ಣಿಗೆ ಬೀಳದಂತೆ ನೋಡಿಕೊಳ್ಳುತ್ತದೆ. ಅದು ಇಲ್ಲವಾದಾಗ ಸ್ಟಾತ್ಮಿನ್-2 ಜೀನಿನ ಮೊದಲ ಇಂಟ್ರಾನ್‌ನಲ್ಲಿ (ಸಾಮಾನ್ಯವಾಗಿ ಕತ್ತರಿಸಿ ತೆಗೆಯಲಾಗುವ ಭಾಗ) ಅಡಗಿರುವ ಎಕ್ಸಾನ್ (ಸಂದೇಶದಲ್ಲಿ ಉಳಿಯಬಲ್ಲ ತುಣುಕು) ಸಂದೇಶದೊಳಗೆ ನುಸುಳಿ, ಅಲ್ಲಿಯೇ ಸಂದೇಶದ ಕೊನೆಗೆ ಸೇರುವ ಪಾಲಿ-ಎ ಬಾಲ ಸೇರಿಕೊಂಡು, ಆರ್‌ಎನ್‌ಎ ಮೊಟಕಾಗುತ್ತದೆ. ನರಕೋಶದ ಉದ್ದನೆಯ ಎಳೆಗಳಾದ ಆಕ್ಸಾನ್‌ಗಳ ಮರುಬೆಳವಣಿಗೆಗೆ ಬೇಕಾದ ಪ್ರೋಟೀನ್ ತಯಾರಾಗುವುದಿಲ್ಲ. ಯುಎನ್‌ಸಿ13ಎ ಜೀನಿನಲ್ಲೂ ಇಂಥದ್ದೇ ನುಸುಳುವಿಕೆ ಕಂಡುಬಂದಿದೆ. ರೋಗದ ಅಪಾಯ ಹೆಚ್ಚಿಸುವ ಆನುವಂಶಿಕ ವ್ಯತ್ಯಾಸಗಳು ಅದೇ ಇಂಟ್ರಾನ್‌ನಲ್ಲಿರುವುದನ್ನು ಕಾಕತಾಳೀಯವೆಂದು ತಳ್ಳಿಹಾಕುವಂತಿಲ್ಲ.

ಉತ್ತರ 2:
ಗಂಟುಗಳನ್ನು ಅಷ್ಟು ಬೇಗ ಬದಿಗಿಡಬಾರದು. ರೋಗಕಾರಕ ರೂಪಾಂತರಗಳಲ್ಲಿ ಹೆಚ್ಚಿನವು ಈ ಪ್ರೋಟೀನಿನ ಕೊನೆಯಲ್ಲಿರುವ, ಸ್ಥಿರ ಮಡಿಕೆಯಿಲ್ಲದ, ಪರಸ್ಪರ ಒಗ್ಗೂಡುವ ಭಾಗದಲ್ಲೇ ಇವೆ. ಗಂಟು ಹೊಸದಾಗಿ ತಯಾರಾದ ಪ್ರೋಟೀನನ್ನೂ ಸೆಳೆದುಕೊಂಡರೆ ಕೊರತೆ ಇನ್ನಷ್ಟು ಹೆಚ್ಚುತ್ತದೆ. ಆಗ ನೀವು ಕೇಳಿದ ಎರಡು ಕಾರಣಗಳು ಒಂದೇ ಸರಪಳಿಯ ಕೊಂಡಿಗಳಾಗುತ್ತವೆ.

ಉತ್ತರ 3:
ಚಿಕಿತ್ಸೆಯ ದೃಷ್ಟಿಯಿಂದ ಮೊದಲ ಉತ್ತರವೇ ಹೆಚ್ಚು ಉಪಯುಕ್ತ. ಬೇರೊಂದು ನರಕೋಶ ರೋಗವಾದ ಎಸ್‌ಎಂಎಗೆ 2016ರಲ್ಲಿ ಅಮೆರಿಕದಲ್ಲಿ ಅನುಮೋದನೆ ಪಡೆದ ನುಸಿನರ್ಸೆನ್ ಎಂಬ, ಆರ್‌ಎನ್‌ಎಗೆ ಅಂಟುವ ಕೃತಕ ಎಳೆಯ ಔಷಧ, ಎಸ್‌ಎಂಎನ್2 ಜೀನಿನ ಆರ್‌ಎನ್‌ಎಯಲ್ಲಿ ತಡೆಯೊಡ್ಡುವ ಬಂಧಕ ಪ್ರೋಟೀನ್‌ಗಳು ಕೂರುವ ಜಾಗವನ್ನು ಮುಚ್ಚಿ 7ನೇ ಎಕ್ಸಾನ್ ಉಳಿಯುವಂತೆ ಮಾಡುತ್ತದೆ. ಸ್ಟಾತ್ಮಿನ್-2ರ ನುಸುಳುವ ಎಕ್ಸಾನನ್ನು ತಡೆಯಲು ಇಂಥದ್ದೇ ಅಣುಗಳು ಪ್ರಯೋಗಾಲಯದ ನರಕೋಶಗಳಲ್ಲಿ ಈಗಾಗಲೇ ಫಲ ನೀಡಿವೆ.