ಸಹಾಯ ಬೇಕು: ಚಿಕನ್ ಆಗದಿರೋ ಬೆಕ್ಕಿಗೆ ಕಮ್ಮಿ ಖರ್ಚಲ್ಲಿ ಏನು ಹಾಕೋದು?

ಎಲ್ರಿಗೂ ನಮಸ್ಕಾರ. ನಮ್ಮನೆ ಬೆಕ್ಕಿಗೆ ನಾಲ್ಕು ವರ್ಷ, ಕತ್ತಿನ ಹತ್ರ ರಕ್ತ ಬರೋ ಹಾಗೆ ಕೆರ್ಕೊಳ್ತಿತ್ತು, ಜೊತೆಗೆ ವಾರಕ್ಕೆ ಮೂರು ಸಲ ವಾಂತಿ. ಚಿಗಟದ ಔಷಧಿ ಹಾಕಿಸಿದ್ವಿ, ಏನೂ ಆಗ್ಲಿಲ್ಲ, ಆಮೇಲೆ ಗ್ರೇನ್ ಫ್ರೀ ಅಂತ ಬರ್ದಿರೋದು ತಂದೆ, ಅದ್ರಲ್ಲೂ ಚಿಕನ್ನೇ ಇದೆ ಅಂತ ಗೊತ್ತಾಗೋಷ್ಟ್ರಲ್ಲಿ ಎರಡು ತಿಂಗಳು ಹೋಯ್ತು. ಬೆಕ್ಕುಗಳಿಗೆ ಜಾಸ್ತಿ ಅಲರ್ಜಿ ಆಗೋದು ಧಾನ್ಯಕ್ಕಲ್ಲ, ಬೀಫ್, ಮೀನು, ಚಿಕನ್ ಥರದ ಪ್ರೋಟೀನ್‌ಗೆ ಅಂತ ಡಾಕ್ಟ್ರು ಹೇಳಿದ್ಮೇಲೇ ತಿಳಿದಿದ್ದು. ಅವ್ರು ಹೇಳಿದ ಹಾಗೆ 8 ವಾರ ಬರೀ ಹೈಡ್ರೊಲೈಸ್ಡ್ ಫುಡ್ (ಅಲರ್ಜಿ ಆಗದಿರ್ಲಿ ಅಂತ ಪ್ರೋಟೀನನ್ನ ಸಣ್ಣ ಸಣ್ಣ ಚೂರಾಗಿ ಒಡೆದಿರೋದು) ಕೊಟ್ಟೆ, ಒಂದು ಟ್ರೀಟ್ ಕೂಡ ಇಲ್ಲ. ಬೋಳಾಗಿದ್ದ ಜಾಗದಲ್ಲಿ ಮೆತ್ತನೆ ಕೂದ್ಲು ಬಂತು, ಮುಟ್ಟಿ ನೋಡಿ ಕಣ್ಣಲ್ಲಿ ನೀರೇ ಬಂತು ನನಗೆ. ಆಮೇಲೆ ಪರೀಕ್ಷೆಗೆ ಅಂತ ಹಳೇ ಚಿಕನ್ ಫುಡ್ ಕೊಟ್ರೆ ಐದೇ ದಿನಕ್ಕೆ ಕೆರೆತ ವಾಪಸ್.

ಈಗ ಹೈಡ್ರೊಲೈಸ್ಡ್‌ಗೇ ಮತ್ತೆ ಬಂದಿದೀವಿ, ಆದ್ರೆ ಅದನ್ನ ಜೀವನಪೂರ್ತಿ ತರೋಕೆ ನನ್ ಕೈಲಾಗಲ್ಲ. ಮನೇಲೇ ಮಾಡೋಣ ಅಂದ್ರೆ ಟೌರಿನ್ ಅನ್ನೋ ಪೋಷಕಾಂಶ ಕಮ್ಮಿ ಆದ್ರೆ ಹೃದಯ, ಕಣ್ಣು ಎರಡಕ್ಕೂ ತೊಂದ್ರೆ, ಅಂದಾಜಲ್ಲಿ ಮಾಡೋ ಧೈರ್ಯ ಇಲ್ಲ. ಕಮ್ಮಿ ರೇಟಿನ ಪ್ಯಾಕೆಟ್ ಮುಂದೆ ದೊಡ್ಡದಾಗಿ ಮೊಲದ ಮಾಂಸ ಅಂತ ಇರತ್ತೆ, ತಿರುಗಿಸಿ ನೋಡಿದ್ರೆ ಸಣ್ಣಕ್ಷರದಲ್ಲಿ ಚಿಕನ್ ಫ್ಯಾಟ್, ಪೌಲ್ಟ್ರಿ ಮೀಲ್ (ಕೋಳಿ ಥರದ ಹಕ್ಕಿ ಮಾಂಸ ಒಣಗಿಸಿ ಮಾಡಿದ ಪುಡಿ). ಪೌಲ್ಟ್ರಿ ಮೀಲ್ ಇದ್ರೆ ಅಲ್ಲೇ ಇಟ್ಟು ಬರ್ತೀನಿ, ಫ್ಯಾಟ್ ವಿಷಯದಲ್ಲೇ ಗೊಂದಲ.

ಚಿಕನ್ ಪ್ರೋಟೀನ್ ಆಗದಿರೋ ಬೆಕ್ಕಿಗೆ ಬರೀ ಚಿಕನ್ ಫ್ಯಾಟ್ ಇರೋ ಫುಡ್ ನೀವ್ಯಾರಾದ್ರೂ ಕೊಟ್ಟಿದೀರಾ, ಮತ್ತೆ ಕೆರೆತ ಶುರುವಾಯ್ತಾ ಇಲ್ವಾ? ಒಂದೇ ಥರದ ಮಾಂಸ ಇರೋ, ಕಂಪ್ಲೀಟ್ ಫುಡ್ ಅಂತ ಬರ್ದಿರೋ, ಕೈಗೆಟುಕೋ ಫುಡ್ ಆರಿಸೋವಾಗ ಲೇಬಲ್‌ನಲ್ಲಿ ಇನ್ನೇನು ನೋಡ್ಬೇಕು?