ಎರಡನೇ ವರ್ಸಿಕಲರ್ ಮರಿಯೂ ಸತ್ತಿತು, ಇನ್ನು ಯಾವ ಟರಂಟುಲಾ (ರೋಮದ ದೊಡ್ಡ ಜೇಡ) ತರಲಿ?

ಹುಬ್ಬಳ್ಳಿ_ಜೇಡ:
ನಮಸ್ಕಾರ. ನಾನಿರುವುದು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ. ಮನೆಯಲ್ಲಿ ಕರ್ಲಿ ಹೇರ್, ಮೆಕ್ಸಿಕನ್ ರೆಡ್ ನೀ, ಜಿಬಿಬಿ (ಗ್ರೀನ್ ಬಾಟಲ್ ಬ್ಲೂ) ಜಾತಿಯ ಟರಂಟುಲಾಗಳಿವೆ, ಮೂರೂ ಆರಾಮಾಗಿವೆ. ನಾಲ್ಕನೆಯದು ಕ್ಯಾರಿಬೀನಾ ವರ್ಸಿಕಲರ್ ಇರಲಿ ಅಂತ ಎರಡು ಸಲ ಮರಿ ತಂದೆ. ಎರಡೂ ಸತ್ತವು. ನಿನ್ನೆ ಬೆಳಿಗ್ಗೆ ನೋಡಿದರೆ ಎರಡನೆಯದು ಡಬ್ಬಿಯ ತಳದಲ್ಲಿ ಕಾಲೆಲ್ಲ ಹೊಟ್ಟೆಯ ಕೆಳಗೆ ಮಡಚಿಕೊಂಡು ಬಿದ್ದಿತ್ತು, ಆ ನೀಲಿ ಬಣ್ಣ ಮಾತ್ರ ಹಾಗೇ ಇತ್ತು. ತುಂಬಾ ಬೇಜಾರಾಗಿದೆ. ಎಲ್ಲಾ ಸರಿಯಾಗೇ ಮಾಡಿದ್ದೆ. ಇಲ್ಲಿನ ಹಾಮ್ ಊರಲ್ಲಿ ಹಾವು, ಜೇಡ ಮಾರುವ ಡಿಸೆಂಬರಿನ ಮೇಳಕ್ಕೆ ಹೋಗುತ್ತಿದ್ದೇನೆ. ಮತ್ತೆ ಅದನ್ನೇ ತರಲಾ, ಬೇರೆ ಜಾತಿ ನೋಡಲಾ?

ಎಂಟುಕಾಲು:
ಚಳಿ. ಮಾರ್ಟಿನಿಕ್ ದ್ವೀಪದ ಜೇಡ ಅದು, ಜರ್ಮನಿಯ ಚಳಿ ತಡೆಯುತ್ತಾ? ರೂಮ್ ಎಷ್ಟು ಡಿಗ್ರಿ?

ಹುಬ್ಬಳ್ಳಿ_ಜೇಡ:
ಹಗಲು 23, ರಾತ್ರಿ 20.

ಎಂಟುಕಾಲು:
ನೋಡಿ, ರಾತ್ರಿ 20! ಅಲ್ಲೇ ಇರೋದು ತೊಂದರೆ. ಹೀಟ್ ಮ್ಯಾಟ್ (ಡಬ್ಬಿ ಬೆಚ್ಚಗಿಡುವ ಕರೆಂಟ್ ಚಾಪೆ) ತನ್ನಿ. 

ಕಾಡಂಚು:
20ಕ್ಕೆ ಜೇಡ ಸಾಯಲ್ಲ ಮಾರಾಯ್ರೇ. ಅದರ ಜೊತೆಗಿರುವ ಮೂರೂ ಅದೇ ರೂಮಿನಲ್ಲಿ ಚೆನ್ನಾಗಿವೆಯಲ್ಲ. ಡಬ್ಬಿ ಯಾವುದು? ತೂತು ಎಲ್ಲಿ ಹಾಕಿದ್ದೀರಿ?

ಮೈಸೂರು_ಹುಡುಗ:
ವರ್ಸಿಕಲರ್ ಬಿಡಿ ಅಣ್ಣ, ಮೈಸೂರು ಆರ್ನಮೆಂಟಲ್ ತನ್ನಿ. ಪೀಸಿಲೋಥೀರಿಯಾ ಸ್ಟ್ರಯಾಟಾ, ನಮ್ಮ ಪಶ್ಚಿಮ ಘಟ್ಟದ್ದು. ಇಲ್ಲದಿದ್ದರೆ ನೀಲಿ ಗುತ್ತಿ ಜೇಡ, ಅದೂ ಪೀಸಿಲೋಥೀರಿಯಾನೇ, ಬಳ್ಳಾರಿ ಪಕ್ಕದ ಗುತ್ತಿಯದೇ.

ಕಾಡಂಚು:
ಗುತ್ತಿಯಲ್ಲಿ ಸಿಕ್ಕಿತು ಅಂತ 1899ರಲ್ಲಿ ಬರೆದರು, ಅಷ್ಟೇ. ಆಮೇಲೆ 2001ರಲ್ಲಿ ಸಿಕ್ಕಿದ್ದು ನಂದ್ಯಾಲ, ಗಿದ್ದಲೂರು ನಡುವಿನ ಕಾಡಿನಲ್ಲಿ.

ಮೈಸೂರು_ಹುಡುಗ:
ಹೆಸರೇ ಗುತ್ತಿ ಅಲ್ವಾ.

ಕಾಡಂಚು:
ಹೆಸರು ಊರಿನದು, ಜೇಡ ಕಾಡಿನದು. ಪೀಸಿಲೋಥೀರಿಯಾ ಎಲ್ಲವೂ 2019ರಿಂದ ಸೈಟಿಸ್ (ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ಎರಡನೇ ಪಟ್ಟಿಯಲ್ಲಿವೆ, ಸಾಕಿ ಬೆಳೆಸಿದ್ದಕ್ಕೂ ಅಲ್ಲಿ ಕಾಗದ ಕೇಳಬೇಕು. ಅದಕ್ಕಿಂತ ಮುಖ್ಯ, ಕಚ್ಚಿದರೆ ಸ್ನಾಯು ಹಿಡಿದುಕೊಂಡು ದಿನಗಟ್ಟಲೆ ನರಳಬೇಕಾಗುತ್ತದೆ. ಓಡುವ ವೇಗ ಬೇರೆ. ಎರಡು ಮರಿ ಕಳೆದುಕೊಂಡು ಬೇಜಾರಿನಲ್ಲಿರುವವರಿಗೆ ಇದನ್ನು ಹೇಳಬೇಡಿ. ಡಬ್ಬಿಯ ವಿಷಯ ಹೇಳಿ, ಹುಬ್ಬಳ್ಳಿಯವರೇ.

ಹುಬ್ಬಳ್ಳಿ_ಜೇಡ:
ಸಣ್ಣ ಪ್ಲಾಸ್ಟಿಕ್ ಡಬ್ಬಿ. ಮುಚ್ಚಳದಲ್ಲಿ ಸೂಜಿಯಿಂದ 6 ತೂತು. ದಿನಾ ನೀರು ಸ್ಪ್ರೇ ಮಾಡುತ್ತಿದ್ದೆ. ಮೊದಲನೆಯದು ಸತ್ತಿದ್ದು ನಾನು ಊರಲ್ಲಿದ್ದಾಗ. ಪ್ರತಿ ಡಿಸೆಂಬರ್‌ನಲ್ಲಿ 4 ವಾರ ಹುಬ್ಬಳ್ಳಿಗೆ ಹೋಗುತ್ತೇನೆ. ಒಣಗಬಾರದು ಅಂತ ಚೆನ್ನಾಗಿ ನೆನೆಸಿಟ್ಟು ಹೋಗಿದ್ದೆ.

ಕಾಡಂಚು:
ಇದನ್ನು ಮೊದಲೇ ಹೇಳಬೇಕಿತ್ತು! ಡಬ್ಬಿಯ ಗೋಡೆ ಮೇಲೆ ಹನಿ ಕಟ್ಟಿರುತ್ತಿತ್ತು ಅಲ್ವಾ?

ಹುಬ್ಬಳ್ಳಿ_ಜೇಡ:
ಹೌದು. ಹನಿ ಇದ್ದರೆ ಒಳ್ಳೆಯದು ಅಂದುಕೊಂಡಿದ್ದೆ.

ಕಾಡಂಚು:
ವರ್ಸಿಕಲರ್‌ಗೆ ಉಸಿರುಗಟ್ಟುವ ತೇವ ಆಗಲ್ಲ. ಎದುರುಬದುರು ಗೋಡೆಯಲ್ಲಿ ತೂತು ಬೇಕು, ಗಾಳಿ ಒಂದು ಕಡೆ ಬಂದು ಇನ್ನೊಂದು ಕಡೆ ಹೋಗಬೇಕು. ಒಂದು ಮೂಲೆ ಸ್ವಲ್ಪ ನೆನೆದಿರಲಿ, ಉಳಿದದ್ದು ಒಣಗಲಿ, ಸಣ್ಣ ಮುಚ್ಚಳದಲ್ಲಿ ನೀರಿಡಿ. ಆದರೆ 4 ವಾರ ಮನೆಯಲ್ಲಿಲ್ಲ ಅಂದರೆ ಸಣ್ಣ ಮರಿ ಯಾವುದೂ ಬೇಡ. ಗ್ರಾಮೊಸ್ಟೋಲಾ ಪುಲ್ಕ್ರಾ ನೋಡಿ, 5 ಸೆಂ.ಮೀ. ದಾಟಿದ್ದು. ಬ್ರೆಜಿಲ್ ಕಡೆಯದು, ಮಖಮಲ್ಲಿನಂಥ ಕಪ್ಪು, ನಿಧಾನ, ಶಾಂತ. ನೀರಿನ ಬಟ್ಟಲು ತುಂಬಿದ್ದರೆ ಒಂದು ತಿಂಗಳು ಊಟ ಇಲ್ಲದೆ ಇರುತ್ತದೆ. ಬೆಳೆಯುವುದು ತುಂಬಾ ನಿಧಾನ, ಹೆಣ್ಣಾದರೆ 20 ವರ್ಷ ಜೊತೆಗಿರಬಹುದು, ಅದನ್ನು ಯೋಚಿಸಿ.

ಎಂಟುಕಾಲು:
ಪುಲ್ಕ್ರಾ ಆದರೂ ರಾತ್ರಿ 20ಕ್ಕೆ ಮ್ಯಾಟ್ ಹಾಕಿ.

ಕಾಡಂಚು:
ಬೇಡ. ಮ್ಯಾಟ್ ಇಟ್ಟು ತಿಂಗಳು ಬಾಗಿಲು ಹಾಕಿಕೊಂಡು ಹೋದರೆ ಬಟ್ಟಲು ಒಣಗುತ್ತದೆ.

ಹುಬ್ಬಳ್ಳಿ_ಜೇಡ:
ಅಂದರೆ ನಾನೇ ಕೊಂದೆ ಅನ್ನಿಸುತ್ತಿದೆ. ಪುಲ್ಕ್ರಾ ಸರಿ. ಈ ಮೇಳದಲ್ಲೇ ತಂದು ಇಟ್ಟು ಹೊರಡಲಾ?

ಕಾಡಂಚು:
ಹೊಸ ಜಾಗಕ್ಕೆ ಬಂದ ವಾರದಲ್ಲೇ ಒಂಟಿ ಬಿಡಬೇಡಿ. ಊರಿಗೆ ಹೋಗಿ ಬನ್ನಿ, ಮಾರ್ಚ್ ಮೇಳದಲ್ಲಿ ತನ್ನಿ. ಅಷ್ಟರಲ್ಲಿ ಡಬ್ಬಿ ತಯಾರು ಮಾಡಿ. 20 ಸೆಂ.ಮೀ. ಉದ್ದ ಸಾಕು, ಕೋಕೋಪೀಟ್ ದಪ್ಪಗೆ ಹಾಕಿ, ತೊಗಟೆಯ ಒಂದು ತುಂಡು ಇಡಿ.

ಹುಬ್ಬಳ್ಳಿ_ಜೇಡ:
ಆಯ್ತು, ಮಾರ್ಚ್‌ಗೇ ತರುತ್ತೇನೆ. ಹಳೆಯ ಡಬ್ಬಿಗೆ ಇವತ್ತೇ ಬಿಸಿ ಮೊಳೆಯಿಂದ ಎರಡೂ ಕಡೆ ತೂತು ಹಾಕಿದೆ, ಯಾವತ್ತಾದರೂ ವರ್ಸಿಕಲರ್‌ಗೇ ಬೇಕಾಗುತ್ತದೆ.