ಶ್ರೀಲಂಕಾದ ಹೆಸರಿನಲ್ಲಿ ಬರುವ ಕರಿಮೆಣಸು: ನೆರೆ ದೇಶಗಳ ವ್ಯಾಪಾರ ಒಪ್ಪಂದದಲ್ಲಿ ಕೊಡಗಿನ ಪಾಲೇನು?

ಪ್ರಶ್ನೆ (ಸಿದ್ದಾಪುರದ ಬೆಳೆಗಾರ)

ಸಿದ್ದಾಪುರದ ಹತ್ತಿರ ನನಗೆ ಆರು ಎಕರೆ ರೋಬಸ್ಟಾ ತೋಟವಿದೆ. ಕಾಫಿ ಕೈಕೊಟ್ಟ ವರ್ಷಗಳಲ್ಲಿ ಮನೆ ನಡೆಸಿದ್ದು ನೆರಳಿನ ಸಿಲ್ವರ್ ಓಕ್ ಮರಗಳಿಗೆ ಹಬ್ಬಿಸಿದ ಮೆಣಸಿನ ಬಳ್ಳಿಗಳೇ. 2016ರ ಸುಮಾರಿಗೆ ಕಿಲೋಗೆ 700 ರೂಪಾಯಿಯ ಆಸುಪಾಸಿನಲ್ಲಿದ್ದ ಕರಿಮೆಣಸು ಮೂರು ವರ್ಷಗಳಲ್ಲಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಆಗ ನಾನು ಮಾಲು ಒಯ್ದಿದ್ದ ವ್ಯಾಪಾರಿಯೊಬ್ಬರು ಲೀಟರ್ ಡಬ್ಬಿಗೆ ಮೆಣಸು ತುಂಬಿ, ಮೇಲೆ ಉಳಿದ ಕಾಳನ್ನು ಮರದ ಪಟ್ಟಿಯಿಂದ ಸವರಿ ತೂಕಕ್ಕಿಟ್ಟರು. 560 ಗ್ರಾಂ ಬಂತು, ಅಂದರೆ ಕಾಳು ಗಟ್ಟಿಯಾಗಿತ್ತು. "ನಿಮ್ಮ ಮಾಲಿಗೆ ಹೆಸರಿಡುವಂತಿಲ್ಲ, ಆದರೆ ಲಂಕಾದ ಮಾಲು ಇದಕ್ಕಿಂತ ಅಗ್ಗವಾಗಿ ಬಾಗಿಲಿಗೇ ಬರುತ್ತಿದೆ" ಎಂದು ಹೇಳಿ, ಕ್ವಿಂಟಲಿಗೆ ಎರಡು ಸಾವಿರ ಕಡಿಮೆ ಬರೆದರು.

ನೆರೆಯ ದೇಶಗಳು ಒಬ್ಬರಿಗೊಬ್ಬರು ಸುಂಕ ಇಳಿಸಿಕೊಂಡರೆ ಎಲ್ಲರೂ ಬೆಳೆಯುತ್ತಾರೆ ಎಂದು ಪತ್ರಿಕೆಗಳಲ್ಲಿ ಓದುತ್ತೇವೆ. ಆ ಬೆಳವಣಿಗೆಯಲ್ಲಿ ನನ್ನಂಥವನ ಪಾಲು ಯಾವುದು? ಶ್ರೀಲಂಕಾದೊಂದಿಗಿನ ಒಪ್ಪಂದದಿಂದ ಕರಿಮೆಣಸನ್ನು ಪೂರ್ತಿಯಾಗಿ ಕೈಬಿಡಬೇಕೆಂದು ನಮ್ಮ ಊರಿನ ಬೆಳೆಗಾರರು ಸೇರಿ ಮನವಿ ಬರೆಯಲು ಹೊರಟಿದ್ದೇವೆ. ತಿಳಿದವರು ದಯವಿಟ್ಟು ಬರೆಯಿರಿ.

ಉತ್ತರ 1 (ಬಂದರಿನ ಕೆಲಸದಿಂದ ನಿವೃತ್ತ, ಮಡಿಕೇರಿ)

ಕೊಚ್ಚಿ ಬಂದರಿನಲ್ಲಿ ಆಮದುದಾರರ ಪರವಾಗಿ ಕಸ್ಟಮ್ಸ್ ಕಾಗದಪತ್ರ ಮಾಡಿಸುವ ಕೆಲಸದಲ್ಲಿ ನನ್ನ ಆಯುಷ್ಯದ ಬಹುಪಾಲು ಕಳೆಯಿತು. ಸಿದ್ದಾಪುರದವರು ಮನವಿ ಬರೆಯುವ ಮೊದಲು ಸುಂಕದ ಲೆಕ್ಕವನ್ನೊಮ್ಮೆ ನೋಡಬೇಕು.

ಭಾರತ ಮತ್ತು ಶ್ರೀಲಂಕಾ ನಡುವಿನ ಮುಕ್ತ ವ್ಯಾಪಾರ ಒಪ್ಪಂದಕ್ಕೆ 1998ರ ಡಿಸೆಂಬರಿನಲ್ಲಿ ಸಹಿ ಬಿತ್ತು; 2000ದಲ್ಲಿ ಅದು ಜಾರಿಗೆ ಬಂತು. ಅದರಡಿ ವರ್ಷಕ್ಕೆ 2,500 ಟನ್ ಮೆಣಸು ಸುಂಕವಿಲ್ಲದೆ ಬರಬಹುದು. ಅದಕ್ಕಿಂತ ಹೆಚ್ಚಿನದು ದಕ್ಷಿಣ ಏಷ್ಯಾದ ಸಾರ್ಕ್ ಕೂಟದ ದೇಶಗಳ ನಡುವಿನ ಸಾಫ್ಟಾ ಎಂಬ ವ್ಯಾಪಾರ ಒಪ್ಪಂದದಡಿ ಶೇ 8ರ ಸುಂಕ ಕಟ್ಟಿ ಬರಬಹುದು. ವಿಯೆಟ್ನಾಂ ಮೆಣಸಿನ ಕಥೆ ಬೇರೆ. ಮಾಮೂಲು ಸುಂಕ ಶೇ 70. ವಿಯೆಟ್ನಾಂ ಸೇರಿರುವ ಆಗ್ನೇಯ ಏಷ್ಯಾದ ಆಸಿಯಾನ್ ಕೂಟದೊಂದಿಗೆ 2010ರಲ್ಲಿ ಜಾರಿಯಾದ ಒಪ್ಪಂದದಲ್ಲಿ ಮೆಣಸನ್ನು ಕಾಫಿ, ಚಹಾ, ತಾಳೆ ಎಣ್ಣೆಗಳ ಜೊತೆ ವಿಶೇಷ ಪಟ್ಟಿಗೆ ಸೇರಿಸಿ, ಹತ್ತು ವರ್ಷಗಳಲ್ಲಿ ಮೆಲ್ಲಗೆ ಶೇ 50ಕ್ಕೆ ಇಳಿಸಲಾಯಿತು.

ಲೆಕ್ಕಕ್ಕೆಂದು ಹೇಳುತ್ತೇನೆ: ವಿಯೆಟ್ನಾಂನ ಮೆಣಸು ಬಂದರಿಗೆ ಕಿಲೋಗೆ 200 ರೂಪಾಯಿಯಂತೆ ಬಂತು ಎಂದುಕೊಳ್ಳಿ. ನೇರವಾಗಿ ಬಂದರೆ ಸುಂಕ ಸೇರಿ 300. ಅದೇ ಮೆಣಸು ಕೊಲಂಬೊದಲ್ಲಿ ಇಳಿದು, ಚೀಲ ಬದಲಾಯಿಸಿಕೊಂಡು, ಲಂಕಾದ ಮೂಲ ಪ್ರಮಾಣಪತ್ರದೊಂದಿಗೆ, ಅಂದರೆ ಮಾಲು ಲಂಕಾದ್ದೇ ಎನ್ನುವ ಹಾಳೆಯೊಂದಿಗೆ ಬಂದರೆ, ಸಾಫ್ಟಾದ ಶೇ 8 ಸೇರಿ 216. ಒಂದು ಕಂಟೇನರಿನಲ್ಲಿ ಎಷ್ಟು ಕಿಲೋ ಹಿಡಿಯುತ್ತದೆ ಎಂದು ಗೊತ್ತಿರುವವನಿಗೆ ಈ 84 ರೂಪಾಯಿ ಎಂಥ ಆಮಿಷವೆಂದು ವಿವರಿಸಬೇಕಾಗಿಲ್ಲ.

ಶ್ರೀಲಂಕಾದೊಂದಿಗಿನ ಒಪ್ಪಂದ, ಸಾಫ್ಟಾ ಎರಡರಲ್ಲೂ ಈ ಕಳ್ಳದಾರಿಗೆ ಬೇಲಿ ಇದೆ. ಕೃಷಿ ಉತ್ಪನ್ನವಾದರೆ ಆ ದೇಶದ ನೆಲದಲ್ಲೇ ಬೆಳೆದು ಅಲ್ಲೇ ಕೊಯ್ದದ್ದಾಗಿರಬೇಕು. ಒಣಗಿಸಿದ, ಜರಡಿ ಹಿಡಿದ, ಚೀಲ ಬದಲಾಯಿಸಿದ ಮಾತ್ರಕ್ಕೆ ಅದು ಲಂಕಾದ ಮೆಣಸಾಗುವುದಿಲ್ಲ. ಆದರೆ ಬಂದರಿನ ಮೇಜಿನ ಮೇಲೆ ಕಾಣಿಸುವುದು ಬಳ್ಳಿಯಲ್ಲ, ಒಂದು ಹಾಳೆ: ಕೊಲಂಬೊದ ವಾಣಿಜ್ಯ ಇಲಾಖೆಯ ಮೊಹರು, ಸಹಿ, ಕ್ರಮಸಂಖ್ಯೆ. ಮೊಹರು ಸರಿಯಾಗಿದ್ದರೆ ಬಹುಕಾಲ ಅಷ್ಟೇ ಸಾಕಾಗಿತ್ತು. 2020ರ ಸೆಪ್ಟೆಂಬರ್ 21ರಿಂದ ಬಂದ ನಿಯಮಗಳಲ್ಲಿ, ಸರಕು ನಿಜವಾಗಿ ಆ ದೇಶದ್ದೇ ಎನ್ನುವ ಮಾಹಿತಿಯನ್ನು ಆಮದುದಾರನೇ ಇಟ್ಟುಕೊಂಡು, ಐದು ವರ್ಷ ಕಾಪಾಡಿ, ಕೇಳಿದಾಗ ತೋರಿಸಬೇಕು. ನನ್ನ ಮಟ್ಟಿಗೆ, ಇಷ್ಟು ವರ್ಷಗಳಲ್ಲಿ ಮೆಣಸಿನವರಿಗಾಗಿ ಆದ ಕೆಲಸಗಳಲ್ಲಿ ಇದೇ ದೊಡ್ಡದು.

ಇದು ಮೆಣಸಿಗೆ ಮಾತ್ರ ಬಂದ ರೋಗವೂ ಅಲ್ಲ. ಒಪ್ಪಂದದ ಮೊದಲ ವರ್ಷಗಳಲ್ಲಿ ಹೊರಗಿನ ತಾಳೆ ಎಣ್ಣೆಯನ್ನು ಲಂಕಾಕ್ಕೆ ಕಡಿಮೆ ಸುಂಕದಲ್ಲಿ ತರಿಸಿ, ಅಲ್ಲಿ ವನಸ್ಪತಿ ಮಾಡಿ, ಸುಂಕವಿಲ್ಲದೆ ಭಾರತಕ್ಕೆ ಕಳುಹಿಸುವ ಕಾರ್ಖಾನೆಗಳು ಎದ್ದವು. ಭಾರತ ಮಿತಿ ಹೇರಿದ ಮೇಲೆ ಆ ಉದ್ಯಮ ಬಂದಷ್ಟೇ ಬೇಗ ಸೊರಗಿತು.

ಉತ್ತರ 2 (ಸುಂಟಿಕೊಪ್ಪದಿಂದ)

ಮೇಲಿನ ಹಿರಿಯರ ಲೆಕ್ಕ ಸರಿಯಾಗಿದೆ, ಆದರೆ ಬೆಲೆ ಬಿದ್ದದ್ದಕ್ಕೆ ಕೊಲಂಬೊದ ಮೊಹರೊಂದೇ ಕಾರಣವೆಂದು ನಂಬಿದರೆ ನಮಗೆ ನಾವೇ ಮೋಸ ಮಾಡಿಕೊಂಡಂತೆ. ಬೆಲೆ ಏರಿದ್ದ ವರ್ಷಗಳಲ್ಲಿ ವಿಯೆಟ್ನಾಂನವರು ಹೊಸ ತೋಟ ಹಾಕುತ್ತಲೇ ಹೋದರು. ಆ ಬಳ್ಳಿಗಳೆಲ್ಲ ಒಟ್ಟಿಗೆ ಫಸಲು ಕೊಟ್ಟಾಗ ಲೋಕದ ಮಾರುಕಟ್ಟೆಯೇ ಕುಸಿಯಿತು. ನಾವೇನು ಕಡಿಮೆಯೇ? 700ರ ಬೆಲೆ ನೋಡಿ ನಾನೂ ಖಾಲಿಯಿದ್ದ ಮರಗಳಿಗೆಲ್ಲ ಪಣಿಯೂರು ತಳಿಯ ಮೆಣಸಿನ ಬಳ್ಳಿ ಹಚ್ಚಿಸಿದವಳೇ.

ಇನ್ನೊಂದು ಮಾತು. 2017ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಕಿಲೋಗೆ 500 ರೂಪಾಯಿಯ ಕನಿಷ್ಠ ಆಮದು ಬೆಲೆ ನಿಗದಿ ಮಾಡಿತು; ಕೆಲವೇ ತಿಂಗಳಲ್ಲಿ ಅದಕ್ಕಿಂತ ಕಡಿಮೆ ಬೆಲೆಯ ಆಮದನ್ನು ನಿಷೇಧಿಸಿತು. ನಮ್ಮ ಬೆಳೆಗಾರರೇ ಓಡಾಡಿ ಪಡೆದದ್ದು, ಆಗ ನಾವೆಲ್ಲ ಸಂತೋಷಪಟ್ಟೆವು. ಆದರೂ ಮರುವರ್ಷ ಬೆಲೆ ಏರಲಿಲ್ಲ. ಕಾರಣ ಊಹಿಸುವುದು ಕಷ್ಟವಲ್ಲ: 250ರ ಮಾಲಿಗೆ 500 ಎಂದು ಬಿಲ್ ಬರೆಸಿದರೆ ಗೆರೆ ದಾಟಿದಂತಾಯಿತು. ಶೇ 8ರ ಸುಂಕವಿರುವಲ್ಲಿ ಹೆಚ್ಚು ತೋರಿಸಿದ ಬೆಲೆಯ ಮೇಲೆ ಕಟ್ಟಬೇಕಾದದ್ದು ಕಿಲೋಗೆ 20 ರೂಪಾಯಿ ಮಾತ್ರ. ಸುಂಕವೇ ಇಲ್ಲದ ಮಾಲಿಗೆ ಅದೂ ಇಲ್ಲ. ಇನ್ನು ಇಲ್ಲಿನ ಬೆಲೆಯೇ 600 ದಾಟಿದ ವರ್ಷದಲ್ಲಿ ಆ ಗೆರೆಗೆ ಅರ್ಥವೇ ಉಳಿಯುವುದಿಲ್ಲ. ಹಾಗಾಗಿ ಮನವಿಯಲ್ಲಿ ಕನಿಷ್ಠ ಬೆಲೆ ಏರಿಸಿ ಎಂದು ಬರೆಯುವುದಾದರೆ ನನ್ನ ಸಹಿ ಇಲ್ಲ.

ಉತ್ತರ 3 (ಅರ್ಥಶಾಸ್ತ್ರದ ಉಪನ್ಯಾಸಕ, ವಿರಾಜಪೇಟೆ)

ಪ್ರಶ್ನೆ ಕೇಳಿದವರು ಬಳಸಿದ "ಪಾಲು" ಎಂಬ ಮಾತನ್ನು ಹಿಡಿದು ಬರೆಯುತ್ತೇನೆ. ದಕ್ಷಿಣ ಏಷ್ಯಾದಲ್ಲಿ ಹಂಚಿಕೊಳ್ಳುವಷ್ಟು ದೊಡ್ಡ ರೊಟ್ಟಿಯೇ ಇನ್ನೂ ಬೆಂದಿಲ್ಲ. 1985ರಲ್ಲಿ ಢಾಕಾದಲ್ಲಿ ಸಾರ್ಕ್ ಹುಟ್ಟಿತು, 2006ರಲ್ಲಿ ಸಾಫ್ಟಾ ಜಾರಿಯಾಯಿತು. ಆದರೂ ಈ ದೇಶಗಳ ಒಟ್ಟು ವ್ಯಾಪಾರದಲ್ಲಿ ತಮ್ಮತಮ್ಮೊಳಗಿನದು ಶೇ 5ರ ಆಸುಪಾಸಿನಲ್ಲೇ ನಿಂತಿದೆ, ಆಸಿಯಾನ್‌ನಲ್ಲಿ ಅದು ಸುಮಾರು ಶೇ 25. 2014ರ ಕಠ್ಮಂಡು ಸಭೆಯ ನಂತರ ಸಾರ್ಕ್ ನಾಯಕರ ಶೃಂಗಸಭೆಯೇ ನಡೆದಿಲ್ಲ. 2016ರಲ್ಲಿ ಇಸ್ಲಾಮಾಬಾದಿನಲ್ಲಿ ಆಗಬೇಕಿದ್ದದ್ದು ಉರಿ ದಾಳಿಯ ನಂತರ ನಿಂತುಹೋಯಿತು. ಕೆಲಸ ಮುಂದುವರಿದಿರುವುದು ಇಬ್ಬರು ಮೂವರು ಕುಳಿತು ಒಂದೊಂದೇ ವಿಷಯ ಹಿಡಿದಲ್ಲಿ. ಭೂತಾನಿನ ಚುಖಾ, ತಾಲಾ ಜಲವಿದ್ಯುತ್ ಸ್ಥಾವರಗಳು ಭಾರತದ ನೆರವಿನಿಂದ ಎದ್ದವು, ಅಲ್ಲಿನ ವಿದ್ಯುತ್ ನಮಗೆ ಮಾರಾಟವಾಗುತ್ತದೆ. 2024ರ ಅಕ್ಟೋಬರಿನ ತ್ರಿಪಕ್ಷೀಯ ಒಪ್ಪಂದದಂತೆ ನೇಪಾಳದ 40 ಮೆಗಾವಾಟ್ ವಿದ್ಯುತ್ ಭಾರತದ ತಂತಿಗಳ ಮೂಲಕವೇ ಬಾಂಗ್ಲಾದೇಶಕ್ಕೆ ಹೋಯಿತು. ವಿದ್ಯುತ್ತಿಗೆ ಮೂಲ ಪ್ರಮಾಣಪತ್ರದ ತಲೆನೋವಿಲ್ಲ ಎನ್ನುವುದು ಬೇರೆ ಮಾತು!

ಮೆಣಸಿನ ವಿಷಯಕ್ಕೆ ಬರುತ್ತೇನೆ. ಸುಳ್ಳು ಹಾಳೆಯಿಂದ ನಷ್ಟವಾಗುವುದು ಸಿದ್ದಾಪುರದಲ್ಲಿ ಮಾತ್ರವೇ? ಲಂಕಾದ ಮಾತಲೆ, ಕ್ಯಾಂಡಿ ಕಡೆಯ ಸಣ್ಣ ಹಿಡುವಳಿದಾರನೂ ನಮ್ಮ ಹಾಗೆ ನೆರಳಿನ ಮರಕ್ಕೆ ಬಳ್ಳಿ ಹಬ್ಬಿಸಿದವನೇ. ಲಂಕಾದ ಮೆಣಸಿನಲ್ಲಿ ಖಾರದ ಅಂಶವಾದ ಪಿಪರೀನ್ ಹೆಚ್ಚು; ನಮ್ಮ ಸಾರ ತೆಗೆಯುವ ಕಾರ್ಖಾನೆಗಳು ಅದಕ್ಕಾಗಿಯೇ ಅದನ್ನು ಕೊಳ್ಳುತ್ತವೆ. ಅವನಿಗೆ ಸಿಗಬೇಕಾದ ಸುಂಕದ ರಿಯಾಯಿತಿಯನ್ನು ಮೂರನೆಯ ದೇಶದ ಮಾಲು ತಿಂದುಹಾಕುತ್ತದೆ. 2019ರ ಕೊನೆಗೆ, ಮರುರಫ್ತಿಗೆಂದು ಮೆಣಸು ತರಿಸುವುದನ್ನು ಶ್ರೀಲಂಕಾ ಸರ್ಕಾರವೇ ನಿಲ್ಲಿಸಿದ್ದು ನಮ್ಮ ಮೇಲಿನ ಪ್ರೀತಿಯಿಂದಲ್ಲ, ಅಲ್ಲಿನ ಬೆಳೆಗಾರರ ಕೂಗಿನಿಂದ. ಅಂದರೆ ಈ ಜಗಳದಲ್ಲಿ ಅವರು ನಮ್ಮ ಬೇಲಿಯ ಒಳಗಿನವರು.

ಬಾಯಿಗೆ ಬಂದಂತೆ "ಲಂಕಾದವರು" ಎನ್ನುವಾಗ ಇನ್ನೊಂದು ನೆನಪಿರಲಿ. ತೋಟದ ತಮಿಳರ ಪೌರತ್ವದ ಬಗ್ಗೆ ಎರಡು ದೇಶಗಳ ಪ್ರಧಾನಿಗಳು ಮಾಡಿಕೊಂಡ 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದ ನಂತರ ಲಂಕಾದ ತೋಟಗಳಿಂದ ಮರಳಿದ ತಮಿಳು ಕುಟುಂಬಗಳಲ್ಲಿ ಕೆಲವು ಇಲ್ಲೇ ಘಟ್ಟ ಇಳಿದರೆ ಸಿಗುವ ಸುಳ್ಯ, ಪುತ್ತೂರಿನ ಸರ್ಕಾರಿ ರಬ್ಬರ್ ತೋಟಗಳಲ್ಲಿ ನೆಲೆಸಿವೆ.

ಮೆಣಸು ಬೆಳೆಯುವ ದೇಶಗಳಿಗೆ ಜಕಾರ್ತದಲ್ಲಿ ಕಚೇರಿಯಿರುವ ಅಂತರರಾಷ್ಟ್ರೀಯ ಮೆಣಸು ಸಮುದಾಯ 1972ರಿಂದಲೇ ಇದೆ. ಭಾರತ, ಶ್ರೀಲಂಕಾ, ವಿಯೆಟ್ನಾಂ ಮೂರೂ ಅಲ್ಲಿ ಸದಸ್ಯರು. ಯಾವ ದೇಶದಿಂದ ಯಾವ ದೇಶಕ್ಕೆ ಎಷ್ಟು ಮೆಣಸು ಹೋಯಿತೆಂಬ ಲೆಕ್ಕವನ್ನು ಒಂದೇ ಮೇಜಿನ ಮೇಲಿಟ್ಟು ನೋಡಿದರೆ, ಒಂದು ದೇಶ ತಾನು ಬೆಳೆದದ್ದಕ್ಕಿಂತ ಹೆಚ್ಚು ಮಾರಿದೆಯೇ ಎಂಬುದು ಹೊರಬೀಳುತ್ತದೆ.

ಸಿದ್ದಾಪುರದ ಬೆಳೆಗಾರ

ಮೂವರಿಗೂ ವಂದನೆಗಳು. ನಿನ್ನೆ ಸಂಜೆ ಕಣದಲ್ಲಿ ಮೆಣಸು ಹರಡಿ ಮುಗಿಸಿ, ನಾಲ್ವರು ಅಲ್ಲೇ ಕುಳಿತು ಕರಡನ್ನು ಮತ್ತೆ ಓದಿದೆವು. "ಒಪ್ಪಂದದಿಂದ ಮೆಣಸನ್ನು ಕೈಬಿಡಬೇಕು" ಎಂಬ ಸಾಲನ್ನು ಹೊಡೆದುಹಾಕಿ, ಪ್ರತಿ ಕಂಟೇನರಿನ ಮೂಲವನ್ನೂ ಎರಡು ದೇಶಗಳ ಅಧಿಕಾರಿಗಳು ಸೇರಿ ಪರಿಶೀಲಿಸಬೇಕು, ಸುಂಕವಿಲ್ಲದ 2,500 ಟನ್ನಿನ ಲೆಕ್ಕವನ್ನು ತಿಂಗಳುತಿಂಗಳು ಪ್ರಕಟಿಸಬೇಕು ಎಂದು ಬರೆದಿದ್ದೇವೆ. ಕನಿಷ್ಠ ಬೆಲೆಯ ವಿಷಯದಲ್ಲಿ ಮಾತ್ರ ಇಬ್ಬರು ಒಪ್ಪಲಿಲ್ಲ. 500 ಇದ್ದದ್ದರಿಂದಲೇ ಇಷ್ಟಾದರೂ ಉಳಿಯಿತು ಎನ್ನುವುದು ಅವರ ವಾದ. ಸುಂಟಿಕೊಪ್ಪದ ಅಕ್ಕನವರು ಬಿಡುವಾದಾಗ ಈ ಕಡೆ ಬಂದು ಅವರಿಗೆ ಆ 20 ರೂಪಾಯಿಯ ಲೆಕ್ಕ ಹೇಳಿಕೊಟ್ಟರೆ ಉಪಕಾರವಾಗುತ್ತದೆ.

ಉತ್ತರ 2 ಬರೆದವರು

ಫೆಬ್ರವರಿಯಲ್ಲಿ ಆಳುಗಳು ಏಣಿ ಹಿಡಿದು ನಿಂತಿರುವಾಗ ತೋಟ ಬಿಟ್ಟು ಬರುವುದು ಹೇಗೆ? ಕೊಯ್ಲು ಮುಗಿದ ವಾರ ಖಂಡಿತ ಬರುತ್ತೇನೆ, ಕರಡಿನ ಒಂದು ಪ್ರತಿ ನನಗೂ ಇಟ್ಟಿರಿ.